ತಾಯಿ ಮರೆತ ತಾಯ್ನುಡಿ

ಸತ್ತವರನ್ನು ಮಾತನಾಡಿಸಿಕೊಡುತ್ತೇವೆ ಎನ್ನುವವರಿಗೆ ಏಕೆ ಕಿವಿಗೊಡಬಾರದೆಂದು ತಿಳಿಯಲು ದೊಡ್ಡ ಗ್ರಂಥಗಳೇನೂ ಬೇಕಿಲ್ಲ. ಗಡಿನಾಡಿನವರಾದ ನಮಗೆ ತಟ್ಟನೆ ಅರ್ಥವಾಗುವ ಒಂದು ಪ್ರಸಂಗವೇ ಸಾಕು.

1922ರ ಜೂನ್ 17. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಹೋಟೆಲಿನಲ್ಲಿ, ಷರ್ಲಾಕ್ ಹೋಮ್ಸನ ಕರ್ತೃ ಆರ್ಥರ್ ಕಾನನ್ ಡಾಯ್ಲ್, ಪತ್ನಿ ಜೀನ್ ಹಾಗೂ ಜಾದೂಗಾರ ಹುಡಿನಿ ಪರದೆ ಎಳೆದ ಕೋಣೆಯಲ್ಲಿ ಕುಳಿತರು. 1913ರಲ್ಲಿ ತೀರಿಕೊಂಡ ತಾಯಿಗಾಗಿ ಹುಡಿನಿ ಇನ್ನೂ ಹಂಬಲಿಸುತ್ತಿದ್ದರು. ಜೀನ್ ಅವರ ಕೈಯ ಪೆನ್ಸಿಲ್ ಹಾಳೆ ಹಾಳೆಗಳ ಮೇಲೆ ಓಡಿತು. ಮೊದಲಿಗೆ ಒಂದು ಶಿಲುಬೆ. ಬಳಿಕ ಮಗನಿಗೆ ಅಕ್ಕರೆಯ ಮಾತುಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಆ ತಾಯಿಯೋ ಹಂಗೆರಿಯಿಂದ ವಲಸೆ ಬಂದ ಯಹೂದಿ ಧರ್ಮಗುರುವಿನ ಪತ್ನಿ. ಇಂಗ್ಲಿಷ್ ಅವರಿಗೆ ಬಾರದ ನುಡಿ. ಅಂದು ಅವರ ಹುಟ್ಟುಹಬ್ಬವೂ ಆಗಿತ್ತು. ಪತ್ರದಲ್ಲಿ ಅದರ ಸುಳಿವೇ ಇರಲಿಲ್ಲವೆಂದು ಹುಡಿನಿ ಬಳಿಕ ತಿಳಿಸಿದರು.

ಡಾಯ್ಲ್ ಅವರ ಬಳಿ ಇದಕ್ಕೂ ಸಮಜಾಯಿಷಿ ಇತ್ತು: ಶಿಲುಬೆ ಬರೆಯುವುದು ಪತ್ನಿಯ ರೂಢಿ, ಮಾಧ್ಯಮದ ಕೈ ತಾನರಿತ ಭಾಷೆಯಲ್ಲೇ ಬರೆಯುತ್ತದೆ. ಹಾಗಾದರೆ ಬರೆದವರು ಯಾರು?

ಜೀನ್ ಅವರಿಗೆ ಮೋಸದ ಉದ್ದೇಶವಿರಲಿಲ್ಲವೆಂದೇ ನಮ್ಮ ನಂಬಿಕೆ. (1848ರಲ್ಲಿ ಈ ಪಂಥಕ್ಕೆ ನಾಂದಿ ಹಾಡಿದ ಫಾಕ್ಸ್ ಸೋದರಿಯರ ಮಾತು ಬೇರೆ. ಅವರಲ್ಲಿ ಮಾರ್ಗರೆಟ್, ಪ್ರೇತಗಳ ಬಡಿತವೆಂದು ಹೆಸರಾದದ್ದು ತನ್ನ ಕಾಲ್ಬೆರಳ ಗಂಟಿನ ಸದ್ದೆಂದು 1888ರಲ್ಲಿ ನ್ಯೂಯಾರ್ಕಿನ ತುಂಬಿದ ಸಭೆಗೇ ಕೇಳಿಸಿದರು. ಮರುವರ್ಷ ಆ ಮಾತನ್ನು ಹಿಂತೆಗೆದುಕೊಂಡರು. ಕೇಳಿಸಿದ ಸದ್ದನ್ನು ಹಿಂತೆಗೆಯಲಾದೀತೆ?) ಸಜ್ಜನರ ಕೈಯೂ ತನಗರಿವಿಲ್ಲದೆ ಸುಳ್ಳು ಬರೆದೀತು ಎಂಬುದೇ ಹೆಚ್ಚು ಭಯದ ಸಂಗತಿ.

ನೊಂದವರಿಗೆ ಸಮಾಧಾನವಾದರೆ ನಿಮಗೇನು ನಷ್ಟ ಎನ್ನುವವರುಂಟು. ನಷ್ಟ ಸತ್ತವರದು. ಹುಡಿನಿಯ ಕೈಸೇರಿದ್ದು ತಾಯಿಯ ಹೆಸರು ಹೊತ್ತ ಒಬ್ಬ ಆಂಗ್ಲ ಗೃಹಿಣಿಯ ಪತ್ರ. ಕಾಸರಗೋಡಿನ ನಮಗೆ ಕಚೇರಿಯಲ್ಲಿ ಮಲಯಾಳ, ಪುಸ್ತಕದಲ್ಲಿ ಶಿಷ್ಟ ಕನ್ನಡ, ಅಡುಗೆಮನೆಯಲ್ಲಿ ಹವ್ಯಕವೋ ತುಳುವೋ ಕೊಂಕಣಿಯೋ. ಅಜ್ಜಿಯರು ಗದರಿದ್ದೂ ಮುದ್ದಿಸಿದ್ದೂ ಆ ಒಳಮನೆಯ ಮಾತಿನಲ್ಲಿ. ಅದನ್ನು ಕಳೆದುಕೊಂಡು ಬರುವ ಅಜ್ಜಿಯನ್ನು ನಾವು ಅಜ್ಜಿಯೆಂದು ಒಪ್ಪಲಾರೆವು.

ದೈವದ ನುಡಿಗೆ ತಲೆಬಾಗುವವರು ಇದನ್ನೇಕೆ ಜರೆಯುತ್ತೀರಿ ಎಂಬ ಆಕ್ಷೇಪವೂ ಇದೆ. ಕೋಲದ ನುಡಿ ಊರ ಹತ್ತು ಸಮಸ್ತರ ಎದುರು, ಊರ ಮಾತಿನಲ್ಲೇ ಆಗುವಂಥದ್ದು. ಮುಚ್ಚಿದ ಕೋಣೆಯಲ್ಲಿ ಒಬ್ಬ ದುಃಖಿಯ ಮುಂದಿಡುವ ಗುಟ್ಟಿನ ಕಾಗದಕ್ಕೆ ಆ ಸಾಕ್ಷಿಬಲವೆಲ್ಲಿ?

ಪ್ಲಾಂಚೆಟ್ ಮುಂದೆ ಕೂರಲು ಹೊರಟ ಬಂಧುಗಳು, ಅಮ್ಮ ಮನೆಯೊಳಗೆ ತಮ್ಮನ್ನು ಏನೆಂದು ಕರೆಯುತ್ತಿದ್ದಳೆಂದು ಒಮ್ಮೆ ಕೇಳಿ ನೋಡಲಿ. ಕೇಳುವವರ ಬೆರಳು ಮಾತ್ರ ಹಲಗೆಯ ಮೇಲಿರಬಾರದು.