ಗೋಪಿನಾಥಂನ ಶ್ರೀನಿವಾಸ್ ಅವರನ್ನು ನೆನೆಯುವುದು ಹೇಗೆ?

ಮಿಶ್ರಿಕೋಟಿಯ ಕೆಲವು ಕಾಲೇಜು ವಿದ್ಯಾರ್ಥಿಗಳೊಡನೆ ಕಾಡಿನ ವಿಷಯ ಮಾತನಾಡುತ್ತ ಕುಳಿತಿದ್ದಾಗ ವೀರಪ್ಪನ್ ಪ್ರಸ್ತಾಪ ಬಂತು. ಅವನು ಕೊಂದ ಆನೆಗಳು, ಸಾಗಿಸಿದ ಗಂಧ, 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿಟ್ಟದ್ದು, ಎಲ್ಲವನ್ನೂ ಅವರು ಸರಾಗವಾಗಿ ಹೇಳಿದರು. 2004ರ ಅಕ್ಟೋಬರಿನಲ್ಲಿ ಅವನು ಸತ್ತಾಗ ಇವರಲ್ಲಿ ಹೆಚ್ಚಿನವರು ಹುಟ್ಟಿಯೇ ಇರಲಿಲ್ಲ. ‘ಪಿ. ಶ್ರೀನಿವಾಸ್ ಯಾರು ಗೊತ್ತೇ?’ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗ, ‘ವೀರಪ್ಪನ್ ಕೈಯಾಗ ಸತ್ತ ಆಫೀಸರ್ ಅಲ್ರೀ ಸರ್?’ ಎಂದ.

ಉತ್ತರ ತಪ್ಪಲ್ಲ. ಆದರೆ ಒಬ್ಬ ಮನುಷ್ಯನ ಇಡೀ ಬದುಕು ಅವನನ್ನು ಕೊಂದವನ ಕಥೆಯಲ್ಲಿ ಒಂದು ಸಾಲಾಗಿ ಉಳಿದದ್ದು ನನ್ನನ್ನು ಇರಿಯಿತು. ಇದು ಆ ಹುಡುಗನ ತಪ್ಪೂ ಅಲ್ಲ. 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’, 2023ರಲ್ಲಿ ನೆಟ್‌ಫ್ಲಿಕ್ಸ್‌ನ ಸಾಕ್ಷ್ಯಚಿತ್ರ ಸರಣಿ ಬಂದವು. ಕೊಂದವನನ್ನು ಮರೆಯದಂತೆ ನೋಡಿಕೊಳ್ಳುವವರು ಬಹಳ ಮಂದಿ ಇದ್ದಾರೆ.

ಶ್ರೀನಿವಾಸ್ ಹುಟ್ಟಿದ್ದು 1954ರ ಸೆಪ್ಟೆಂಬರ್ 12ರಂದು, ಆಂಧ್ರದ ರಾಜಮಹೇಂದ್ರಿಯಲ್ಲಿ. ಭಾರತೀಯ ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದರು. ವೀರಪ್ಪನ್ ಬೇಟೆಗೆ ವಿಶೇಷ ಪಡೆ ರಚನೆಯಾದಾಗ ಅವರು ನೆಲೆಸಿದ್ದು ಅವನ ಹುಟ್ಟೂರಾದ ಗೋಪಿನಾಥಂನಲ್ಲಿ. ಮಲೆ ಮಹದೇಶ್ವರ ಬೆಟ್ಟದ ಆಚೆ ತಮಿಳುನಾಡಿನ ಗಡಿಗೆ ಅಂಟಿಕೊಂಡಿರುವ ಊರು ಅದು. ಇಂದು ಚಾಮರಾಜನಗರ ಜಿಲ್ಲೆಯಲ್ಲಿದೆ, ಅಂದು ಮೈಸೂರು ಜಿಲ್ಲೆಯಲ್ಲಿತ್ತು. ಕಾಡಿನೊಳಗಿನ ಬಂದೂಕು ಒಂದು ಕಡೆ, ಸರ್ಕಾರದ ಬಂದೂಕು ಇನ್ನೊಂದು ಕಡೆ, ನಡುವೆ ಊರಿನ ಜನ.

ಅಂಥ ಊರಿನಲ್ಲಿ ಈ ಅಧಿಕಾರಿ ಮಾಡಿದ ಕೆಲಸವೇನು? ಸಂಚಾರಿ ಔಷಧಾಲಯ ತಂದರು, ತಾವೇ ಜನರ ಕೈಗೆ ಔಷಧ ಕೊಟ್ಟರು. ಊರವರೊಂದಿಗೆ ಸೇರಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ಮನೆಮನೆಗೆ ಹೋಗಿ ಕುಳಿತು ಮಾತನಾಡಿದರು. ವೀರಪ್ಪನ್‌ನ ಬಂಟರಾಗಿದ್ದ ಕೆಲವರು ಅವರ ಮಾತನ್ನು ನಂಬಿ ಶರಣಾದರು. ಜ್ವರ ಬಂದ ಮಗುವಿಗೆ ಮಾತ್ರೆ ಕೊಟ್ಟವನ ಮಾತನ್ನು ತಾಯಿ ನಂಬುತ್ತಾಳೆ. ತಾಯಿ ನಂಬಿದರೆ ಕಾಡಿನಲ್ಲಿರುವ ಮಗನಿಗೂ ಆ ಮಾತು ತಲುಪುತ್ತದೆ. ಇಷ್ಟು ಸರಳವಾದ ಸಂಗತಿ ನಮ್ಮ ಆಡಳಿತಕ್ಕೆ ಇಂದಿಗೂ ಸರಿಯಾಗಿ ಅರ್ಥವಾಗಿಲ್ಲ.

ವೀರಪ್ಪನ್ ಶರಣಾಗುತ್ತಾನೆ, ನೀವು ಆಯುಧವಿಲ್ಲದೆ ಬರಬೇಕು ಎಂಬ ಸುದ್ದಿ ಬಂತು. 1991ರ ನವೆಂಬರ್ 10ರಂದು ಶ್ರೀನಿವಾಸ್ ಬರಿಗೈಯಲ್ಲಿ ಹೊರಟರು. ದಾರಿಯಲ್ಲೇ ಅವರನ್ನು ಕೊಲ್ಲಲಾಯಿತು. ಆಗ ಅವರಿಗೆ ಮೂವತ್ತೇಳು ವರ್ಷ. ಮರುವರ್ಷ ಭಾರತ ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು.

ಆತ ಮುಗ್ಧ, ಮೋಸಹೋದ ಎನ್ನುವವರಿದ್ದಾರೆ. ಅಂದು ಹಾಗೆ ಹೋಗಬಾರದಿತ್ತು ಎಂದು ನನಗೂ ಅನ್ನಿಸುತ್ತದೆ. ಆದರೆ ಅವರ ನಂತರ ಏನಾಯಿತೆಂಬುದನ್ನೂ ನೋಡಬೇಕು. ಎರಡೂ ರಾಜ್ಯಗಳ ಕಾರ್ಯಾಚರಣೆ ಇನ್ನೂ ಹದಿಮೂರು ವರ್ಷ ನಡೆಯಿತು. ಅದರಲ್ಲಿ ಹಳ್ಳಿಗರ ಮೇಲೆ ದೌರ್ಜನ್ಯ ನಡೆದಿದೆ ಎಂಬ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಔಷಧದ ಪೆಟ್ಟಿಗೆ ಹಿಡಿದು ಹೋದವರ ಜಾಗಕ್ಕೆ ಏನು ಬಂತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಧಾರವಾಡ ಸೀಮೆಯವರಾದ ನಮಗೆ ಇದೆಲ್ಲ ದೂರದ ಕಥೆಯೆನಿಸಬಹುದು. ಕಲಘಟಗಿಯ ಅರೆಮಲೆನಾಡಿನ ಊರುಗಳಲ್ಲಿ ಅರಣ್ಯ ಇಲಾಖೆಯ ಜೀಪು ಬಂತೆಂದರೆ ಇಂದಿಗೂ ಮೊದಲು ಹುಟ್ಟುವುದು ಅಳುಕು. ಕಟ್ಟಿಗೆಯ ಹೊರೆ ಇಳಿಸಿ ಓಡಿದ ಅವ್ವಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರಲ್ಲ, ಆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದ ಹಿಂದೆಯೂ ಇದ್ದುದು ತಮ್ಮ ನೆಲದ ವಿಷಯದಲ್ಲಿ ತಮ್ಮನ್ನು ಯಾರೂ ಕೇಳಲಿಲ್ಲವೆಂಬ ನೋವೇ. ಇಲಾಖೆಯನ್ನು ಪ್ರಶ್ನಿಸುವ ಹಕ್ಕನ್ನು ನಾವು ಬಿಟ್ಟುಕೊಡಬೇಕಿಲ್ಲ. ಆದರೆ ಅದೇ ಖಾಕಿಯೊಳಗೆ ಶ್ರೀನಿವಾಸ್ ಅಂಥವರೂ ಇದ್ದರು. ಬೇಸಿಗೆಯಲ್ಲಿ ಹಸಿ ಸೊಪ್ಪು ಹಿಡಿದು ಕಾಡಿನ ಬೆಂಕಿ ಬಡಿಯಲು ಓಡುವ ದಿನಗೂಲಿ ಕಾವಲುಗಾರರು ಇಂದೂ ಇದ್ದಾರೆ.

ಸೆಪ್ಟೆಂಬರ್ 11 ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ಅಪ್ಪಿ ಪ್ರಾಣಕೊಟ್ಟ ಬಿಷ್ಣೋಯಿ ಜನರ ನೆನಪಿನ ದಿನವದು. ಶ್ರೀನಿವಾಸ್ ಅವರ ಜನ್ಮದಿನ ಅದರ ಮರುದಿನವೇ. ಅರಣ್ಯ ಕಚೇರಿಗಳಲ್ಲಿ ಹೂಗುಚ್ಛ ಇಟ್ಟು, ಗೌರವ ಸಲ್ಲಿಸಿ ಕಾರ್ಯಕ್ರಮ ಮುಗಿಯುತ್ತದೆ. ಊರಿನವರಿಗೆ ಅಲ್ಲಿ ಕೆಲಸವಿರುವುದಿಲ್ಲ.

ನನ್ನ ಸಲಹೆ ಇಷ್ಟೆ. ಮುಂದಿನ ವರ್ಷದಿಂದ ಸೆಪ್ಟೆಂಬರ್ 12ರಂದು ನಮ್ಮ ಕಾಡಂಚಿನ ಒಂದು ಊರಿನಲ್ಲಿ ಆರೋಗ್ಯ ಶಿಬಿರ ನಡೆಸೋಣ. ಮಿಶ್ರಿಕೋಟಿಯಿಂದಲೇ ಆರಂಭವಾಗಲಿ. ಅರಣ್ಯ ಸಿಬ್ಬಂದಿಯನ್ನು ಕರೆಯೋಣ. ಭಾಷಣಕ್ಕಲ್ಲ, ಸಾಲಿನಲ್ಲಿ ನಿಂತ ಮುದುಕರಿಗೆ ನೀರು ಕೊಡಲು, ಚೀಟಿ ಬರೆಯಲು. ಅವರ ಮನೆಯವರೂ ಅಲ್ಲೇ ತಪಾಸಣೆ ಮಾಡಿಸಿಕೊಳ್ಳಲಿ. ಶ್ರೀನಿವಾಸ್ ಅವರ ಕಥೆಯನ್ನು ಹೇಳುವ ಕೆಲಸ ಆ ಹುಡುಗನದು. ಔಷಧಾಲಯದಿಂದ ಶುರುಮಾಡು ಎಂದು ಅವನಿಗೆ ಹೇಳಿದ್ದೇನೆ. ಒಪ್ಪಿದ್ದಾನೆ.