ತಪ್ಪು ವೈರಿನದ್ದು, ಶಿಕ್ಷೆ ಬ್ಯಾಟರಿಗೆ!

ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಸಿಗುವ ಉತ್ತರ ಒಂದೇ: "ಬ್ಯಾಟರಿ ವೀಕ್ ಆಗಿದೆ ಸಾರ್, ಚೇಂಜ್ ಮಾಡ್ಬಿಡಿ." ನನಗೆ ಈ ಮಾತಿನ ಮೇಲೆ ದೊಡ್ಡ ತಕರಾರಿದೆ. ಶನಿವಾರದವರೆಗೆ ಗಟ್ಟಿಮುಟ್ಟಾಗಿದ್ದ ಬ್ಯಾಟರಿ ಭಾನುವಾರ ಸ್ಟೀರಿಯೋ ಕೂತ ಕೂಡಲೇ ಮುದಿಯಾಗಿಬಿಡುತ್ತದೆಯೇ?

ನಮ್ಮ ಭಾವನ ಗಾಡಿಯ ಕಥೆ ಕೇಳಿ. ಮೂರು ದಿನ ನಿಲ್ಲಿಸಿದರೆ ಸಾಕು, ನಾಲ್ಕನೇ ದಿನ ಕೀ ತಿರುಗಿಸಿದರೆ ಬರೀ 'ಟಿಕ್ ಟಿಕ್'. ಅಂಗಡಿಯವರು ಹೇಳಿದರೆಂದು ಹೊಸ ಬ್ಯಾಟರಿ ಹಾಕಿಸಿದರು. ಮತ್ತೆ ಅದೇ ಹಾಡು. ಆಮೇಲೆ ನಾನು ಮಲ್ಟಿಮೀಟರ್ ಹಿಡಿದು ಕೂತೆ. ಎಲ್ಲ ಆಫ್ ಮಾಡಿ, ಬಾಗಿಲು ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಬ್ಯಾಟರಿಯ ನೆಗೆಟಿವ್ ತಂತಿಯ ನಡುವೆ ಮೀಟರ್ ಸೇರಿಸಿ ನೋಡಿದರೆ ೪೮೦ ಮಿಲಿಆಂಪ್! ಸಾಮಾನ್ಯವಾಗಿ ಇದು ೫೦ ಮಿಲಿಆಂಪ್ ಒಳಗಿರಬೇಕು. ಸ್ಟೀರಿಯೋದ ಫ್ಯೂಸ್ ಕಿತ್ತೆ, ೨೦ಕ್ಕೆ ಇಳಿಯಿತು. ೩೫ ಆಂಪ್-ಅವರ್ ಬ್ಯಾಟರಿಯಿಂದ ಅರ್ಧ ಆಂಪ್ ಹರಿಯುತ್ತಿದ್ದರೆ ೭೦ ಗಂಟೆಗೆ ಖಾಲಿ. ಮೂರು ದಿನದ ಲೆಕ್ಕ ಸರಿಹೋಯಿತಲ್ಲ?

ಕಾರಣ ಬಹಳ ಸಣ್ಣದು. ಇಂಥ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಯಿಂದ ಸದಾ ಕರೆಂಟ್ ಪಡೆಯಲು. ನೀವು ಇಟ್ಟುಕೊಂಡ ಸ್ಟೇಷನ್, ಗಡಿಯಾರ ನೆನಪಿರಲಿ ಅಂತ. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಸಿಗುವ ಕಡೆಗೆ ಹೋಗಬೇಕು. ಫಿಟ್ ಮಾಡಿದವರು ಎರಡನ್ನೂ ಸೇರಿಸಿ ಸದಾ ಕರೆಂಟ್ ಇರುವ ಕಡೆಗೇ ಸುತ್ತಿ ಟೇಪ್ ಹಚ್ಚಿದ್ದರು. ಪಾಪ, ಸ್ಟೀರಿಯೋ ನಿದ್ದೆಯನ್ನೇ ಮಾಡುತ್ತಿರಲಿಲ್ಲ :) ಇದಕ್ಕೆ ತದ್ವಿರುದ್ಧ, ಅಂದರೆ ಗಾಡಿ ಆಫ್ ಮಾಡಿದಾಗಲೆಲ್ಲ ಸ್ಟೇಷನ್ ಮರೆತುಹೋದರೆ, ಎರಡು ವೈರು ಅದಲುಬದಲಾಗಿರಬಹುದು ನೋಡಿ. (ಮೀಟರ್ ಸೇರಿಸಿದಾಗ ಅಪ್ಪಿತಪ್ಪಿಯೂ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರ್ ಸುಟ್ಟೀತು.)

ಬ್ಯಾಟರಿಗೆ ಹೋದರೆ ದುಡ್ಡಷ್ಟೇ ಹೋಯಿತು. ಫ್ಯೂಸಿನ ವಿಷಯ ಹಾಗಲ್ಲ. ೧೦ ಆಂಪಿನ ಕೆಂಪು ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ೨೦ ಆಂಪಿನ ಹಳದಿ ಹಾಕಿ "ಈಗ ಸರಿಯಾಯ್ತು ನೋಡಿ" ಅನ್ನುವ ಪ್ರಚಂಡರಿದ್ದಾರೆ. ಏನೂ ಸರಿಯಾಗಿರುವುದಿಲ್ಲ! ಫ್ಯೂಸ್ ಇರುವುದು ಮುಖ್ಯವಾಗಿ ವೈರ್ ಕಾಯದಂತೆ ತಡೆಯಲಿಕ್ಕೆ. ಎಲ್ಲೋ ಸಿಪ್ಪೆ ಸುಲಿದ ವೈರು ಬಾಡಿಗೆ ತಾಗುತ್ತಿದೆ ಅಂತ ಅದು ಕೂಗಿ ಹೇಳುತ್ತಿದ್ದರೆ, ನಾವು ಅದರ ಬಾಯಿ ಮುಚ್ಚಿಸಿ ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿಗೆ ಜಾಗ ಮಾಡಿಕೊಡುತ್ತೇವೆ. ಆ ಗಾಡಿಯಲ್ಲಿ ಮಕ್ಕಳೂ ಕೂರುತ್ತಾರೆ ಅನ್ನುವುದು ನೆನಪಿರಲಿ.

ಇನ್ನು ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ 'ಕುಂಯ್ಯ್' ಅಂತ ಏರುವ ಸದ್ದು. ಅದು ಆಲ್ಟರ್ನೇಟರಿನ ಸದ್ದು. ಫಿಲ್ಟರ್ ಕೊಳ್ಳುವ ಮುಂಚೆ ಅರ್ಥಿಂಗ್ ನೋಡಿ. ಪೇಂಟ್ ಮೇಲೆ ಸ್ಕ್ರೂ ಬಿಗಿದಿದ್ದರೆ ಕೆರೆದು, ಬರಿ ಲೋಹಕ್ಕೆ ಬಿಗಿಸಿ. ಆಂಪ್ಲಿಫೈಯರ್ ಇದ್ದರೆ ಅದರ ಕರೆಂಟ್ ವೈರು ಮತ್ತು ಹಾಡಿನ ವೈರು ಜೊತೆಜೊತೆಯಾಗಿ ಹೋಗದಂತೆ ಬೇರೆ ಬೇರೆ ಬದಿಯಲ್ಲಿ ಎಳೆಸಿ.

ನನ್ನ ಪ್ರಕಾರ ಫಿಟ್ ಮಾಡುವ ಹುಡುಗರನ್ನಷ್ಟೇ ಬೈದು ಪ್ರಯೋಜನವಿಲ್ಲ. ಜೆ.ಸಿ. ರಸ್ತೆಗೆ ಹೋಗಿ ಸ್ಟೀರಿಯೋಗೆ ಸಾವಿರಾರು ರೂಪಾಯಿ ಸುರಿಯುವ ನಾವು, ಗಾಡಿಗೆ ಸರಿಹೊಂದುವ ಕಪ್ಲರಿಗೆ ಮಾತ್ರ ಚೌಕಾಸಿ ಮಾಡುತ್ತೇವೆ. ಕಪ್ಲರ್ ಇದ್ದರೆ ಕಂಪನಿಯ ವೈರ್ ಕತ್ತರಿಸಬೇಕಿಲ್ಲ, ವಾರಂಟಿಯ ಜಗಳವೂ ಕಡಿಮೆ. ಈಗಿನ ಎಷ್ಟೋ ಗಾಡಿಗಳಲ್ಲಿ ಕೀ ತಿರುಗಿದ ಸುದ್ದಿ ಸ್ಟೀರಿಯೋಗೆ ತಲುಪುವುದು ಕ್ಯಾನ್ ಬಸ್ ಎಂಬ ಡೇಟಾ ವೈರಿನಲ್ಲಿ. ಅಲ್ಲಿ ಅಂದಾಜಿಗೆ ಕತ್ತರಿ ಆಡಿಸಿದರೆ ಸ್ಟೀರಿಯೋ ಒಂದೇ ಅಲ್ಲ, ಬೇರೆ ಭಾಗಗಳೂ ಮುನಿಸಿಕೊಳ್ಳಬಹುದು.

ಆದ್ದರಿಂದ "ವೈರ್ ಕತ್ತರಿಸಬೇಡಿ, ಕಪ್ಲರ್ ಹಾಕಿ" ಅಂತ ಮೊದಲೇ ಹೇಳಿ. ಆಮೇಲೂ ತೊಂದರೆ ಬಂದರೆ ಅಳೆದು ನೋಡಿ, ನಂತರ ಬದಲಾಯಿಸಿ. ಒಂದು ಸಾಧಾರಣ ಮೀಟರಿನ ಬೆಲೆ ಹೊಸ ಬ್ಯಾಟರಿಗಿಂತ ಎಷ್ಟೋ ಕಡಿಮೆ. ಏನಂತೀರಿ?