ಚಪ್ಪರಕ್ಕೆ ಕಲ್ಲಿದೆ, ಮರಕ್ಕೆ ಮೊಳೆ ಏಕೆ?

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಕಾಮಸಮುದ್ರದ ಕಡೆ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಗಳಿಗೆಯ ಹಿಂದೆ ಎಲೆಯೂ ಅಲುಗದಿದ್ದ ಗುಂಡುತೋಪಿನಲ್ಲಿ ಒಮ್ಮೆಲೇ ಕೆಂಧೂಳು ಏಳುತ್ತದೆ. ರಸ್ತೆಬದಿಯಲ್ಲಿ ಮಾವು ಮಾರುವವರ ಟಾರ್ಪಾಲು, ಜಾತ್ರೆಯ ಅಂಗಡಿಯ ನೆರಳು, ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದವರು ಕಾರಿನ ಬದಿಗೆ ಬಿಚ್ಚಿದ ಮಡಚು ಚಪ್ಪರ, ಎಲ್ಲವೂ ಗಾಳಿಪಟವಾಗಲು ಹವಣಿಸುತ್ತವೆ. ಆಗ ಹತ್ತಿರ ಸಿಕ್ಕಿದ್ದಕ್ಕೆ ಹಗ್ಗ ಬಿಗಿಯಲಾಗುತ್ತದೆ. ಹತ್ತಿರ ಸಿಗುವುದು ಬಹುಮಟ್ಟಿಗೆ ಹೊಂಗೆ, ಹುಣಸೆ ಅಥವಾ ಬೇವು. ಮರುದಿನ ಹಗ್ಗ ಜಾರದಿರಲೆಂದು ಅದೇ ಮರಕ್ಕೆ ನಾಲ್ಕು ಅಂಗುಲದ ಮೊಳೆ ಬೀಳುತ್ತದೆ.

ಇಷ್ಟು ದೊಡ್ಡ ಮರಕ್ಕೆ ಒಂದು ಮೊಳೆ ಯಾವ ಲೆಕ್ಕ ಎಂಬುದು ಮೊಳೆ ಹೊಡೆಯುವವರ ಸಿದ್ಧ ಉತ್ತರ. ಲೆಕ್ಕ ಇದೆ. ಮರದ ಜೀವ ಅದರ ನಡುವಿನ ದಿಮ್ಮಿಯಲ್ಲಿಲ್ಲ, ತೊಗಟೆಯ ಕೆಳಗಿನ ತೆಳು ಪದರದಲ್ಲಿದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಅಲ್ಲಿಯೇ, ಕಾಂಡ ದಪ್ಪವಾಗುವುದೂ ಅಲ್ಲಿಂದಲೇ. ಮೊಳೆಯ ತೂತು ಶಿಲೀಂಧ್ರಕ್ಕೂ ಕೀಟಕ್ಕೂ ತೆರೆದ ಬಾಗಿಲು. ಮೊಳೆಗಿಂತ ಕೆಟ್ಟದ್ದು ಬಿಚ್ಚದೆ ಉಳಿದ ನೈಲಾನ್ ಹಗ್ಗ. ಕಾಂಡ ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಅದು ತೊಗಟೆಯನ್ನು ಸುತ್ತಲೂ ಕೊರೆದು ಬೇರಿನ ಅನ್ನವನ್ನೇ ತಡೆಯುತ್ತದೆ. ಎಳೆಯ ಮರಕ್ಕೆ ಇದು ಕೊಡಲಿಯಷ್ಟೇ ಖಚಿತವಾದ ಸಾವು, ನಿಧಾನ ಮಾತ್ರ. ಈ ತಪ್ಪಿನಲ್ಲಿ ಪರಿಸರ ಶಿಬಿರಗಳಿಗೂ ಪಾಲಿದೆ. ಕಾಡು ಉಳಿಸಿರೆಂಬ ಫಲಕವನ್ನು ಹೊಂಗೆಮರಕ್ಕೆ ಮೊಳೆ ಹೊಡೆದು ತೂಗುಹಾಕುವ ಸಂಘಟಕರು ಹಳ್ಳಿಯ ಅಂಗಡಿಯವನಿಗೆ ಬುದ್ಧಿ ಹೇಳುವ ಹಕ್ಕನ್ನು ಕಳೆದುಕೊಂಡಿರುತ್ತಾರೆ.

ಮರವನ್ನು ಬಿಟ್ಟರೆ ಬೇರೆ ದಾರಿಯಿಲ್ಲವೆಂಬ ಮಾತೂ ಸುಳ್ಳು. ಇದನ್ನು ಸುಳ್ಳೆನ್ನಲು ಸ್ವಲ್ಪ ಗಣಿತ ಬೇಕು. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 6 ಕೆ.ಜಿ. ಬಲ ಹಾಕುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಗಂಟೆಗೆ 72 ಕಿ.ಮೀ. ಗಾಳಿಗೆ ಅದು 24 ಕೆ.ಜಿ. ದಾಟುತ್ತದೆ. ಹತ್ತಡಿ ಹನ್ನೆರಡಡಿಯ ಚಪ್ಪರವೆಂದರೆ ಸುಮಾರು 11 ಚದರ ಮೀಟರ್. ಅಂದರೆ ಮೊದಲ ಗಾಳಿಗೆ ಒಟ್ಟು 67 ಕೆ.ಜಿ., ಎರಡನೆಯದಕ್ಕೆ 270 ಕೆ.ಜಿ. ಬಟ್ಟೆಯ ಇಳಿಜಾರು, ಗಾಳಿಯ ದಿಕ್ಕುಗಳಿಂದ ಇದು ಹೆಚ್ಚು ಕಡಿಮೆಯಾದೀತು. ಲೆಕ್ಕದ ಅಳತೆ ಮಾತ್ರ ಇಷ್ಟು. ಗಾಳಿ ಚಪ್ಪರವನ್ನು ತಳ್ಳುವುದಷ್ಟೇ ಅಲ್ಲ, ಮೇಲಕ್ಕೆ ಎತ್ತುತ್ತದೆ ಎಂಬುದನ್ನು ನೆನಪಿಡಬೇಕು. ಮಡಚು ಚಪ್ಪರದ ಪೆಟ್ಟಿಗೆಯೊಳಗೆ ಬರುವ ಗೇಣುದ್ದದ ತೆಳು ಕಂಬಿಗಳು ಈ ಎತ್ತುವಿಕೆಯ ಮುಂದೆ ಹುಲ್ಲುಕಡ್ಡಿಗೆ ಸಮ. ಮೂಲೆಗೊಂದರಂತೆ ಕಟ್ಟುವ 20 ಲೀಟರಿನ ನೀರಿನ ಕ್ಯಾನುಗಳು ನಾಲ್ಕೂ ಸೇರಿ 80 ಕೆ.ಜಿ.; ಮೊದಲ ಗಾಳಿಗೆ ಹೇಗೋ ಸಾಕು, ಎರಡನೆಯದಕ್ಕೆ ಏನೇನೂ ಸಾಲದು.

ಕೋಲಾರದ ಸೀಮೆಗೆ ಕೊರತೆಯಿಲ್ಲದ ವಸ್ತುವೆಂದರೆ ಕಲ್ಲು. ಒಂದು ಘನ ಅಡಿ ಗ್ರಾನೈಟ್ ಕಲ್ಲು 75 ಕೆ.ಜಿ. ತೂಗುತ್ತದೆ. ನಾಲ್ಕು ಮೂಲೆಗೆ ಅಂಥ ನಾಲ್ಕು ಕಲ್ಲುಗಳಿದ್ದರೆ ಮೇಲಿನ ಲೆಕ್ಕ ಸರಿದೂಗುತ್ತದೆ. ಇಬ್ಬರು ಎತ್ತಲಾರದ ಕಲ್ಲಿನ ಬದಲು ಹೊಲದ ಸಣ್ಣ ಕಲ್ಲುಗಳನ್ನು ಎರಡು ಗೋಣಿಚೀಲಗಳಿಗೆ ತುಂಬಿ, ಬಾಯಿಗೆ ಬಾಯಿ ಸೇರಿಸಿ ಕಟ್ಟಿ, ಕಾಲಿನ ಎರಡೂ ಬದಿಗೆ ಬರುವಂತೆ ಮಲಗಿಸಬಹುದು. ಹಗ್ಗವನ್ನು ಚಪ್ಪರದ ಕಾಲಿನ ಬುಡಕ್ಕಷ್ಟೇ ಕಟ್ಟುವುದು ಸಾಮಾನ್ಯ ತಪ್ಪು. ಒಂದರೊಳಗೊಂದು ಜಾರುವ ಕೊಳವೆಯ ಕಾಲುಗಳಲ್ಲಿ ಪಿನ್ನು ಹಾರಿದರೆ ಬುಡ ನೆಲದಲ್ಲೇ ಉಳಿದು ಮೇಲ್ಭಾಗ ಹೊಲ ದಾಟಿರುತ್ತದೆ. ಆದ್ದರಿಂದ ಹಗ್ಗ ಮೇಲಿನ ಮೂಲೆಯ ಕೀಲಿನಿಂದ ನೇರ ಕಲ್ಲಿಗೆ ಇಳಿಯಬೇಕು, ಕಲ್ಲು ನೆಲಕ್ಕೆ ಒರಗಿರಬೇಕು. ಗಾಳಿಯಲ್ಲಿ ತೂಗಾಡುವ ಕಲ್ಲು ಲಂಗರಲ್ಲ, ಗದೆ. ಕಾರಿಗೆ ಸೇರಿಸಿದ ಚಪ್ಪರದಲ್ಲಿ ಒಳ ಅಂಚು ಭದ್ರವಾಗಿರುವುದರಿಂದ ಹೊರ ಅಂಚೇ ಎದ್ದು ಕಾರಿನ ಮೇಲೆ ಮಗುಚಿಕೊಳ್ಳುತ್ತದೆ. ಅಲ್ಲಿ ತೂಕವೆಲ್ಲ ಹೊರಗಿನ ಎರಡು ಕಾಲುಗಳಿಗೆ ಸಲ್ಲಬೇಕು.

ಸಿಮೆಂಟಿನ ಪ್ಲಾಸ್ಟಿಕ್ ಚೀಲ ಅಗ್ಗವೆಂದು ಎಲ್ಲರೂ ಹಿಡಿಯುತ್ತಾರೆ. ಬಿಸಿಲಿಗೆ ಕೆಲವೇ ತಿಂಗಳಲ್ಲಿ ಅದು ಎಳೆಎಳೆಯಾಗಿ ಉದುರಿ ರಾಗಿಹೊಲದ ಮಣ್ಣು ಸೇರುತ್ತದೆ, ಮತ್ತೆ ಆರಿಸಲಾಗದು. ಸಣಬಿನ ಗೋಣಿ ಕೊಳೆತರೆ ಗೊಬ್ಬರ. ಕಲ್ಲು ಎಲ್ಲಿಂದ ತರಬೇಕೆಂಬುದರಲ್ಲೂ ವಿವೇಕ ಬೇಕು. ಕೆರೆ ಏರಿಯ ಒಳಮೈಗೆ ಹೊದಿಸಿದ ಕಲ್ಲು ಅಲೆಯ ಹೊಡೆತದಿಂದ ಏರಿಯನ್ನು ಕಾಯುತ್ತದೆ, ಹೊಲದ ಬದುವಿನ ಕಲ್ಲು ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಒಂದು ಸಂಜೆಯ ನೆರಳಿಗಾಗಿ ಅವನ್ನು ಕಿತ್ತವರು ಹತ್ತು ಮಳೆಗಾಲದ ನಷ್ಟವನ್ನು ಊರಿಗೆ ಬಿಟ್ಟುಹೋಗುತ್ತಾರೆ.

ಗೂಟ ನೆಡುವವರು ಇಲ್ಲಿಯ ಮಣ್ಣಿನ ಗುಣವನ್ನು ಅರಿತಿರಬೇಕು. ಬೇಸಿಗೆಯಲ್ಲಿ ಈ ಕೆಂಪು ಮಣ್ಣು ಹಾರೆಗೂ ಜಗ್ಗದಷ್ಟು ಗಟ್ಟಿ. ಅರ್ಧ ಅಡಿ ಇಳಿದ ಗೂಟವೇ ಬಂಡೆಯಂತೆ ನಿಂತಿದೆಯೆಂದು ನಂಬಿಸುತ್ತದೆ. ಮೊದಲ ಮಳೆ ಬಿದ್ದ ಕಾಲು ಗಂಟೆಯಲ್ಲಿ ಮೇಲಿನ ಮಣ್ಣು ಮೆತ್ತಗಾಗುತ್ತದೆ, ಗಾಳಿಯ ಜೋರೂ ಆಗಲೇ. ನೈಲಾನ್ ಹಗ್ಗ ನೆನೆದು ಹಿಗ್ಗುವುದೂ ಅದೇ ಹೊತ್ತಿನಲ್ಲಿ. ಆದ್ದರಿಂದ ಗೂಟ ಎರಡಡಿ ಉದ್ದವಿರಬೇಕು. ಅದರ ತಲೆ ಚಪ್ಪರದಿಂದ ಆಚೆಗೆ ವಾಲಿ, ಹಗ್ಗವೂ ಗೂಟವೂ ಲಂಬಕೋನದಲ್ಲಿ ಸೇರಬೇಕು. ಒಂದರ ಹಿಂದೆ ಇನ್ನೊಂದು ಗೂಟ ನೆಟ್ಟು, ಮುಂದಿನದರ ತಲೆಯನ್ನು ಹಿಂದಿನದರ ಬುಡಕ್ಕೆ ಬಿಗಿದರೆ ಹಿಡಿತ ಬಹಳ ಹೆಚ್ಚುತ್ತದೆ. ಗೂಟಕ್ಕೆ ಕೆರೆಯಂಗಳದಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಕಡಿದರೆ ಯಾರೂ ಅಳುವುದಿಲ್ಲ, ಕೆರೆಗೂ ಲಾಭ.

ಮಾವಿನ ಸುಗ್ಗಿ ಮುಗಿಯುವವರೆಗೆ ನಿಲ್ಲುವ ಅಂಗಡಿಗೆ, ಸಸಿಮಡಿಯ ನೆರಳುಬಲೆಗೆ ದ್ರಾಕ್ಷಿ ತೋಟದ ಪಾಠವೇ ಸಾಕು. ದ್ರಾಕ್ಷಿ ಚಪ್ಪರದ ಅಂಚಿನ ತಂತಿಗಳು ನೆಲದಲ್ಲಿ ಹೂತ ಕಲ್ಲಿಗೆ ಬಿಗಿದಿರುತ್ತವೆ. ಎರಡಡಿ ಉದ್ದ, ಒಂದಡಿ ಅಗಲದ ಚಪ್ಪಡಿಯ ನಡುವಿಗೆ ತಂತಿ ಸುತ್ತಿ, ಎರಡೂವರೆ ಅಡಿ ಆಳದಲ್ಲಿ ಅಡ್ಡಲಾಗಿ ಮಲಗಿಸಿ ಮಣ್ಣು ದಮ್ಮಸು ಮಾಡಿದರೆ, ಅದರ ನೇರ ಮೇಲಿರುವ ಮಣ್ಣಿನ ತೂಕವೇ 200 ಕೆ.ಜಿ. ಮೀರುತ್ತದೆ. ಇದನ್ನು ಹಳ್ಳಿಯ ತೇಪೆಯೆಂದು ನಕ್ಕು ಹೊಸ ಕೊಕ್ಕೆ ಮಾರುವವರಿದ್ದಾರೆ. ಭಾರೀ ಕಟ್ಟಡಗಳ ಲಂಗರಿಗೂ ಆಧಾರ ಇದೇ ತತ್ತ್ವವೆಂಬುದನ್ನು ಅವರು ಹೇಳುವುದಿಲ್ಲ. ಆದರೆ ಒಂದು ರಾತ್ರಿಯ ಶಿಬಿರಕ್ಕೆ ಹಳ್ಳ ತೋಡುವುದು ಅನ್ಯಾಯ, ಬಂಡೆಗೆ ಕೊರೆದು ಬೋಲ್ಟು ಹಾಕುವುದು ಅದಕ್ಕಿಂತ ದೊಡ್ಡ ಅನ್ಯಾಯ. ಅಂಥವರಿಗೆ ತುಂಬಿ ಸುರಿಯಬಹುದಾದ ಗೋಣಿಯೇ ತಕ್ಕದ್ದು. ತಮಿಳುನಾಡು, ಆಂಧ್ರದ ಕಾಡುಗಳಿಂದ ಆನೆಗಳು ಇಳಿಯುವ ಗಡಿಯಂಚಿನಲ್ಲಂತೂ ಕತ್ತಲಲ್ಲಿ ಹಗ್ಗ ಹರಡಿ ಮಲಗುವುದೇ ಅವಿವೇಕ.

ಇಷ್ಟೆಲ್ಲ ಮಾಡಿದರೂ ಮನೆಯ ಲಂಗರಿಗೊಂದು ಮಿತಿಯಿದೆ. ಕಟ್ಟಡಗಳ ಗಾಳಿಬಲದ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಕೊಟ್ಟ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಅಂಥ ಬೀಸಿಗೆ ಅದೇ ಚಪ್ಪರದ ಮೇಲೆ 700 ಕೆ.ಜಿ.ಗೂ ಮೀರಿದ ಬಲ ಬೀಳುತ್ತದೆ. ಲಂಗರು ಹಿಡಿದರೆ ಬಟ್ಟೆ ಹರಿಯುತ್ತದೆ, ಬಟ್ಟೆ ಹಿಡಿದರೆ ಕಂಬ ಮುರಿಯುತ್ತದೆ, ಮುರಿದ ಕಬ್ಬಿಣದ ಕಾಲು ವಿದ್ಯುತ್ ತಂತಿಯ ಮೇಲೋ ಮಗುವಿನ ಮೇಲೋ ಬೀಳುತ್ತದೆ. ಮೋಡ ಕಪ್ಪಾದಾಗ ಬಟ್ಟೆ ಇಳಿಸುವುದೊಂದೇ ಉಪಾಯ. ಅದಕ್ಕೆ ದನ ಕಟ್ಟುವವರು ಹಾಕುವ, ತುದಿ ಎಳೆದರೆ ಬಿಚ್ಚಿಕೊಳ್ಳುವ ಜೀರುಕುಣಿಕೆ ಬೇಕು. ಮೊಳೆಗೆ ಸುತ್ತಿ ಗಂಟಿನ ಮೇಲೆ ಗಂಟು ಬಿಗಿದವನು ಗಾಳಿ ಬಂದಾಗ ಕುಡುಗೋಲು ಹುಡುಕುತ್ತಿರುತ್ತಾನೆ.

ಗುಂಡುತೋಪುಗಳ ಮರಗಳಲ್ಲಿ ಈಗಾಗಲೇ ಇರುವ ಮೊಳೆಗಳಲ್ಲಿ ತಲೆ ಹೊರಗೆ ಕಾಣುವವನ್ನು ಇಕ್ಕಳದಿಂದ ನೇರವಾಗಿ ಎಳೆದು ತೆಗೆಯಬಹುದು. ತೊಗಟೆ ಮುಚ್ಚಿಕೊಂಡವನ್ನು ಕೆದಕಬಾರದು, ಗಾಯ ದೊಡ್ಡದಾಗುತ್ತದೆ. ಕಾಂಡಕ್ಕೆ ಬಿಗಿದ ಹಗ್ಗವನ್ನು ಕಂಡಲ್ಲೇ ಕತ್ತರಿಸಬೇಕು. ಬೇಸಿಗೆ ರಜೆಯ ವಿದ್ಯಾರ್ಥಿ ತಂಡಗಳಿಗೆ ಇದು ಒಂದು ಬೆಳಗಿನ ಕೆಲಸ. ಪರಿಸರ ಸಂಘಗಳ ಫಲಕಗಳ ಮೊಳೆಗಳಿಂದಲೇ ಅವರು ಆರಂಭಿಸಬಹುದು.